ಪೂಜೇಲಿ ಮೆತ್ತಗೆ ಹಾಡಿ ಅಂದ್ರು ನಮ್ಮಮ್ಮನಿಗೆ

ಕಡೇಬೆಂಚು
ಹೋದ ಭಾನುವಾರದ ವಿಷಯ. ನಮ್ಮದು ಬೆಂಗಳೂರಿನ ಅಂಚಲ್ಲಿರೋ ಒಂದು ಕ್ಯಾಥೊಲಿಕ್ ಧರ್ಮಕೇಂದ್ರ (ಚರ್ಚು), ಹೆಸರು ಬೇಡ. ಬೆಳಿಗ್ಗೆ ಆರೂವರೆಗೆ ಕನ್ನಡ ಪೂಜೆ (ಮಾಸ್), ಎಂಟಕ್ಕೆ ತಮಿಳು, ಒಂಬತ್ತೂವರೆಗೆ ಇಂಗ್ಲಿಷ್. ಅಮ್ಮನಿಗೆ ಈಗ 74. ಹುಟ್ಟಿ ಬೆಳೆದದ್ದು ಕನಕಪುರದ ಕಡೆ ಹಳ್ಳೀಲಿ. ಹೆಂಗಸರ ಸಾಲಲ್ಲಿ ಮುಂದಿನಿಂದ ಮೂರನೇ ಬೆಂಚು ಅವರದ್ದು, ಗಾಯನವೃಂದದ ಮಗ್ಗುಲಿಗೇ. ದನಿ ಸಣ್ಣದಲ್ಲ. ತಾಳದಲ್ಲಿ ಅರ್ಧ ಹೆಜ್ಜೆ ಹಿಂದೆ ಬೀಳ್ತಾರೆ, ಅದೂ ನಿಜ. ನಾನು ಕಡೇ ಬೆಂಚಲ್ಲಿ ನಿಂತಿದ್ರೂ ಅವರ ದನಿ ಯಾವುದು ಅಂತ ಗೊತ್ತಾಗುತ್ತೆ.

ಪರಮಪ್ರಸಾದ (ಪೂಜೇಲಿ ಕೊಡೋ ಪವಿತ್ರ ರೊಟ್ಟಿ) ಆದ್ಮೇಲೆ ಗಾಯನವೃಂದದ ಹುಡುಗಿ ಒಬ್ಬಳು ಬಂದು ಬಗ್ಗಿ, "ಅಜ್ಜಿ, ಸ್ವಲ್ಪ ಮೆತ್ತಗೆ ಹಾಡಿ, ಲೈವ್‌ನಲ್ಲಿ ನಿಮ್ಮ ವಾಯ್ಸೇ ಬರ್ತಿದೆ" ಅಂದ್ಳಂತೆ. ಬೈದಿಲ್ಲ, ನಗ್ತಾನೇ ಹೇಳಿದ್ಳಂತೆ. ಅಮ್ಮ ಕೊನೇ ಹಾಡು ಹಾಡ್ಲಿಲ್ಲ. ಪೂಜೆ ಮುಗಿದ ಮೇಲೆ ಯಾವತ್ತೂ ಮರಿಯಮ್ಮನ ಗವಿ ಹತ್ರ ಮೇಣದಬತ್ತಿ ಹಚ್ಚಿ, ನಾಲ್ಕು ಜನರ ಹತ್ರ ಮಾತಾಡಿ, ಮಟನ್ ಅಂಗಡಿ ಸಾಲಲ್ಲಿ ಇನ್ನೂ ಇಬ್ಬರ ಹತ್ರ ಮಾತಾಡಿ ಮನೆಗೆ ಬರೋರು ಅವತ್ತು ಸೀದಾ ಬಂದು ಗಾಡಿ ಹತ್ರ ನಿಂತ್ಬಿಟ್ರು.

ಅವರ ಹಾಡಿನ ಪುಸ್ತಕಕ್ಕೆ ಹಳೇ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿದೆ. ಹಿಂದಿನ ಖಾಲಿ ಪುಟಗಳಲ್ಲಿ ಹೊಸ ಹಾಡುಗಳನ್ನ ಬಾಲ್‌ಪೆನ್ನಲ್ಲಿ ಬರ್ಕೊಂಡಿದ್ದಾರೆ, ಅಕ್ಷರ ಕೋಳಿ ಕಾಲು. ಈ ವಾರ ಪೂರ್ತಿ ಅದು ಚೀಲದಿಂದ ಈಚೆಗೆ ಬಂದಿಲ್ಲ.

ಕೇಳೋದು ಇಷ್ಟೇ. ಪೂಜೇಲಿ ಹಾಡೋದು ಯಾರ ಕೆಲಸ? ನಮ್ಮದಾ, ಮೈಕ್ ಹಿಡಿದಿರೋ ಹತ್ತು ಜನರದ್ದಾ?

ಮಂಡೆಬಿಸಿ_ಮಂಗ್ಳೂರು
ಇದು ನಿಮ್ಮೊಬ್ಬರ ಕತೆ ಅಲ್ಲ ಮಾರಾಯ್ರೆ. ನಮ್ಮ ಇಗರ್ಜಿಯಲ್ಲಿಯೂ ಹೀಗೆಯೇ. ಕೊಂಕಣಿ ಪೂಜೆ, ಎಲ್ಲರಿಗೂ ಬರುವ ಹಾಡುಗಳು. ಆದರೆ ವಾರಕ್ಕೊಂದು ಹೊಸ ಹಾಡು ತರುತ್ತಾರೆ, ಅವರೇ ಹಾಡುತ್ತಾರೆ, ನಾವು ಬಾಯಿ ಮುಚ್ಚಿ ಪ್ರೊಜೆಕ್ಟರ್ ನೋಡುವುದು. ಅದರಲ್ಲಿಯೂ ಎರಡನೇ ಚರಣ ಬರುವಾಗ ಮೊದಲನೇ ಚರಣವೇ ಇರುತ್ತದೆ.

ಕೀಲಿಮಣೆ_ಹುಡುಗ
ನಾನು ಕೀಬೋರ್ಡ್ ನುಡಿಸೋನು, ಬೇರೆ ಧರ್ಮಕೇಂದ್ರ. ಅಜ್ಜಿಗೆ ಹಾಗೆ ಹೇಳಿದ್ದು ತಪ್ಪು, ಮೊದಲು ಅದನ್ನ ಒಪ್ಕೋತೀನಿ. ಆದ್ರೆ ನಮ್ಮ ಕಡೆಯದ್ದೂ ಕೇಳಿ.

ಶನಿವಾರ ರಾತ್ರಿ ಏಳಕ್ಕೆ ಅಭ್ಯಾಸ. ಆಫೀಸ್ ಮುಗಿಸ್ಕೊಂಡು, ಟ್ರಾಫಿಕ್ಕಲ್ಲಿ ಸತ್ತು ಬರ್ತೀವಿ. ಎಂಟು ಜನ ಬರಬೇಕಾದ ಕಡೆ ನಾಲ್ಕು ಜನ. "ಹಾಡೋಕೆ ಇಷ್ಟ ಇರೋರು ಬನ್ನಿ" ಅಂತ ಫಾದರ್ ಎಷ್ಟು ಭಾನುವಾರ ಪ್ರಕಟಣೇಲಿ ಹೇಳಿದ್ದಾರೋ ಲೆಕ್ಕ ಇಲ್ಲ. ಒಬ್ಬರೂ ಬರಲ್ಲ. ಭಾನುವಾರ ಮಾತ್ರ ಎಲ್ಲರೂ ಸಂಗೀತ ವಿದ್ವಾಂಸರು. ಜನ ಎಳೆದೂ ಎಳೆದೂ ಹಾಡ್ತಾರೆ, ನಾವು ತಾಳ ಬಿಟ್ಟು ಅವರ ಹಿಂದೆ ಹೋದ್ರೆ ಕಾಣಿಕೆ ಗೀತೆ ಮುಗಿಯೋಷ್ಟರಲ್ಲಿ ಫಾದರ್ ಕೈ ತೊಳ್ಕೊಂಡು ನಮ್ಮನ್ನೇ ನೋಡ್ತಾ ನಿಂತಿರ್ತಾರೆ.

ಕಡೇಬೆಂಚು
ಫಾದರ್ ಎರಡು ನಿಮಿಷ ಕಾಯಲಿ ಬಿಡಿ. ಪ್ರಕಟಣೆಗೆ ನಾವು ಹದಿನೈದು ನಿಮಿಷ ಕಾಯಲ್ವಾ.

ಹುಬ್ಳಿ_ಹುಡ್ಗ
ಪ್ರಕಟಣೆ ಅಂದ್ರ ನೆನಪಾತು ನೋಡ್ರಿ. ನಮ್ಮಲ್ಲಿ ಪ್ರಸಂಗ (ಫಾದರ್ ಉಪದೇಶ) ಹತ್ತು ನಿಮಿಷ, ಪ್ರಕಟಣೆ ಇಪ್ಪತ್ತು. ಮದುವಿ ಪ್ರಕಟಣೆ, ಸತ್ತವರ ಹೆಸರು, ಗವಿ ರಿಪೇರಿಗೆ ಯಾರ್ಯಾರು ಎಷ್ಟು ಕೊಟ್ರು ಅನ್ನೂದು. ನೂರು ರೂಪಾಯಿ ಕೊಟ್ಟವರ ಹೆಸರೂ ಓದತಾರ.

ಮಂಡೆಬಿಸಿ_ಮಂಗ್ಳೂರು
ಪ್ರಸಂಗ ಎಂಟು ನಿಮಿಷ ದಾಟಬಾರದು ಎಂದು ಪೋಪ್ ಫ್ರಾನ್ಸಿಸ್ ಹೇಳಿದ್ದು 2024ರಲ್ಲಿ. ಉದ್ದ ಆದರೆ ಜನ ನಿದ್ದೆ ಮಾಡುತ್ತಾರೆ ಎಂದೂ ಹೇಳಿದರು. ಪ್ರಕಟಣೆಗೆ ಲೆಕ್ಕ ಹಾಕಲಿಲ್ಲ, ಅದೇ ಬೇಸರ.

ದಾಖಲೆದಾಸ
ಮೂಲ ಪ್ರಶ್ನೆಗೆ ಬರೋಣ. ಎರಡನೇ ವ್ಯಾಟಿಕನ್ ಮಹಾಸಭೆ (ಕ್ಯಾಥೊಲಿಕ್ ಬಿಷಪ್ಪರೆಲ್ಲ ಸೇರಿದ್ದ ಸಭೆ) ದೈವಾರಾಧನೆ ಬಗ್ಗೆ ಹೊರಡಿಸಿದ ದಾಖಲೆ 1963ರ ಡಿಸೆಂಬರ್ 4ರದ್ದು. ಅದರ 14ನೇ ಕಲಮು, ಜನ ಪೂಜೆಯಲ್ಲಿ ಪೂರ್ತಿಯಾಗಿ, ತಿಳಿದು, ಸಕ್ರಿಯವಾಗಿ ಭಾಗವಹಿಸಬೇಕು ಅನ್ನುತ್ತೆ. 114ನೇ ಕಲಮು ಗಾಯನವೃಂದಗಳನ್ನ ಬೆಳೆಸಿ ಅನ್ನುತ್ತೆ, ಅದೇ ಉಸಿರಿನಲ್ಲಿ ಜನರ ಪಾಲಿನ ಹಾಡು ಜನರಿಗೇ ಸಿಗೋ ಹಾಗೆ ನೋಡ್ಕೊಳ್ಳಿ ಅಂತ ಧರ್ಮಾಧ್ಯಕ್ಷರಿಗೂ ಗುರುಗಳಿಗೂ ಹೇಳುತ್ತೆ. 1967ರಲ್ಲಿ ಸಂಗೀತದ ಬಗ್ಗೆಯೇ ಬಂದ ಸೂಚನೆ ಇನ್ನೂ ನೇರ. ಜನರನ್ನ ಪೂರ್ತಿ ಹೊರಗಿಟ್ಟು ಎಲ್ಲವನ್ನೂ ಗಾಯನವೃಂದವೇ ಹಾಡೋ ಪದ್ಧತಿ ಸರಿಯಲ್ಲ ಅಂತ ಬರೆದಿದೆ.

ಅಂದ್ರೆ ಅಜ್ಜಿ ಹಾಡೋದು ಹಕ್ಕು. ಯಾರೋ ಕೊಡೋ ರಿಯಾಯಿತಿ ಅಲ್ಲ.

ಕೀಲಿಮಣೆ_ಹುಡುಗ
ಅದೇ ದಾಖಲೆ ಮೌನವನ್ನೂ ಪಾಲಿಸಿ ಅನ್ನುತ್ತಲ್ಲ ಸರ್? ಕೇಳೋದೂ ಭಾಗವಹಿಸೋದೇ.

ದಾಖಲೆದಾಸ
30ನೇ ಕಲಮು, ಹೌದು. ತಕ್ಕ ಸಮಯದಲ್ಲಿ ಮೌನ. ತಕ್ಕ ಸಮಯ ಅಂದ್ರೆ ನೀವು ಹಾಡ್ತಿರೋ ಸಮಯ ಅಂತ ಅರ್ಥ ಅಲ್ಲ.

ಹಾರ್ಮೋನಿಯಂ_ಮೇಷ್ಟ್ರು
ನಲವತ್ತು ವರ್ಷ ದೇವಾಲಯದಲ್ಲಿ ಹಾರ್ಮೋನಿಯಂ ನುಡಿಸಿದ್ದೇನೆ, ಈಗ ಮಂಡಿ ನೋವು, ಮೇಲೆ ಹತ್ತೋಕೆ ಆಗಲ್ಲ. ನೀವೆಲ್ಲ ಹಕ್ಕು, ಕಲಮು ಅಂತ ಮಾತಾಡ್ತಿದ್ದೀರಿ. ರೋಗ ಶ್ರುತಿಯಲ್ಲಿದೆ.

ಇವತ್ತಿನ ಮಕ್ಕಳು ಯೂಟ್ಯೂಬಲ್ಲಿ ಹಾಡು ಕೇಳ್ತಾರೆ. ಅಲ್ಲಿ ಸ್ಟುಡಿಯೋ ಗಾಯಕಿ ಯಾವ ಶ್ರುತಿಯಲ್ಲಿ ಹಾಡಿದ್ದಾರೋ ಅದನ್ನೇ ದೇವಾಲಯದಲ್ಲಿ ಎತ್ತುತ್ತಾರೆ. ಬಿಳಿ ಮೂರರಲ್ಲಿ (ಮೂರನೇ ಬಿಳಿ ಮನೆ, ಎತ್ತರದ ಶ್ರುತಿ) ಶುರು ಮಾಡ್ತಾರೆ, ಪಲ್ಲವಿ ಮೇಲಿನ ಷಡ್ಜ ದಾಟಿ ಹೋಗುತ್ತೆ. ಬೆಳಿಗ್ಗೆ ಆರೂವರೆಗೆ, ಖಾಲಿ ಹೊಟ್ಟೆಯಲ್ಲಿ, ಅರವತ್ತು ದಾಟಿದ ಗಂಟಲು ಅಲ್ಲಿಗೆ ಹೇಗೆ ಏರುತ್ತೆ? ಗಂಡಸರು ಬಾಯೇ ತೆರೆಯಲ್ಲ. ಹೆಂಗಸರು ಮೊದಲ ಸಾಲು ಹಾಡಿ ಸುಮ್ಮನಾಗ್ತಾರೆ. ಒಬ್ಬಿಬ್ಬರು ಗಟ್ಟಿಗಿತ್ತಿಯರು ಬಿಡದೆ ಹಾಡ್ತಾರೆ, ಅವರ ದನಿ ಒಂಟಿಯಾಗಿ ಕೇಳುತ್ತೆ, ನೀವು ಹೋಗಿ ಮೆತ್ತಗೆ ಹಾಡಿ ಅಂತೀರಿ. ಇಡೀ ದೇವಾಲಯ ಹಾಡಿದ್ದರೆ ಆ ತಾಯಿಯ ದನಿ ಬೇರೆ ಕೇಳ್ತಿತ್ತಾ?

ಬಿಳಿ ಒಂದಕ್ಕೆ ಇಳಿಸಿ. ಕೀಬೋರ್ಡಲ್ಲಿ ಟ್ರಾನ್ಸ್‌ಪೋಸ್ ಬಟನ್ ಇರುತ್ತೆ, ಮೈನಸ್ ನಾಲ್ಕು. ಬೆರಳು ಕೂಡ ಬದಲಿಸಬೇಕಿಲ್ಲ.

ಕೀಲಿಮಣೆ_ಹುಡುಗ
ಮೇಷ್ಟ್ರೇ, ಬಿಳಿ ಒಂದರಲ್ಲಿ ನಮ್ಮ ಹುಡುಗೀರಿಗೆ ಕೆಳಗಿನ ಸ್ವರ ಗಾಳಿ ಆಗಿಬಿಡುತ್ತೆ.

ಹಾರ್ಮೋನಿಯಂ_ಮೇಷ್ಟ್ರು
ಆಗಲಿ ಬಿಡಪ್ಪ. ಅಲ್ಲಿ ಜನ ಹಾಡ್ತಾರೆ. ಸಾಕಾಗದಿದ್ರೆ ಬಿಳಿ ಎರಡಕ್ಕೆ ಇಡು. ಮೂರು ಮಾತ್ರ ಬೇಡ.

ಗಂಜಾಂ_ಅಂಜೂರ
ಕೀಬೋರ್ಡ್ ಬಿಟ್ಟು ಮತ್ತೆ ಹಾರ್ಮೋನಿಯಂ ತನ್ನಿ, ಎಲ್ಲಾ ಸರಿಹೋಗುತ್ತೆ. ನಮ್ಮ ನೆಲದ ವಾದ್ಯ ಅದು. ಕೀಬೋರ್ಡ್ ವಿದೇಶಿ.

ದಾಖಲೆದಾಸ
ಹಾರ್ಮೋನಿಯಂ ನಮ್ಮ ನೆಲದ್ದಾ? 1840ರ ದಶಕದಲ್ಲಿ ಪ್ಯಾರಿಸ್ಸಲ್ಲಿ ಪೇಟೆಂಟ್ ಆದ ವಾದ್ಯ, ಮಾಡಿದವನು ಅಲೆಕ್ಸಾಂಡ್ರ್ ದೆಬೆಂ. ಕಾಲಲ್ಲಿ ತಿದಿ ತುಳಿಯೋದು ಅದು. ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತೋ ಪೆಟ್ಟಿಗೆ ಆಮೇಲೆ ಕಲ್ಕತ್ತೆಯಲ್ಲಿ ಆದದ್ದು. ಶ್ರುತಿಗೆ ಒಗ್ಗಲ್ಲ, ಗಮಕ ಬರಲ್ಲ ಅಂತ 1940ರಲ್ಲಿ ಆಕಾಶವಾಣಿ ಅದನ್ನ ದೂರ ಇಟ್ಟಿತ್ತು, ಮೂವತ್ತು ವರ್ಷ.

ಗಂಜಾಂ_ಅಂಜೂರ
ಪ್ಯಾರಿಸ್ ಅಂದ್ರಲ್ಲ, ಹಾಗಾದ್ರೆ ನಮ್ಮದೇ! ಮೈಸೂರು ಸೀಮೆಗೆ ಬಂದ ಸ್ವಾಮಿಗಳಲ್ಲಿ ತುಂಬಾ ಜನ ಪ್ಯಾರಿಸ್ ಮಿಷನ್ನವರೇ ತಾನೇ. ನಮ್ಮ ಶ್ರೀರಂಗಪಟ್ಟಣದ ಗಂಜಾಮಲ್ಲಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಅವರೂ ಅದೇ ಮಿಷನ್ನು. ಕಾವಿ ತೊಟ್ಟು ಊರವರ ಹಾಗೇ ಬದುಕಿದ್ದಕ್ಕೆ ಜನ ದೊಡ್ಡಸ್ವಾಮಿ ಅಂತ ಕರೆದ್ರು. ಸಿಡುಬಿಗೆ ಲಸಿಕೆ ಹಾಕಿಸೋ ಕೆಲಸಾನೂ ಮಾಡಿದ್ರು.

ದಾಖಲೆದಾಸ
ಅವರು ಫ್ರಾನ್ಸಿಗೆ ವಾಪಸ್ ಹೋಗಿದ್ದು 1823ರಲ್ಲಿ, ಹಾರ್ಮೋನಿಯಂ ಹುಟ್ಟೋ ಮೊದಲೇ. ಅವರ ತಲೆಗೆ ಇದನ್ನ ಕಟ್ಟಬೇಡಿ.

ಗಂಜಾಂ_ಅಂಜೂರ
ನಾನೆಲ್ಲಿ ಕಟ್ಟಿದೆ ಸ್ವಾಮಿ, ಊರಿನ ಹೆಸರು ಬಂತಲ್ಲ ಅಂತ ಖುಷಿಗೆ ಹೇಳ್ದೆ.

ಭಜನೆ_ಮನೆ
ನಾನು ಕ್ರೈಸ್ತನಲ್ಲ, ಆದ್ರೂ ಹೇಳ್ತೀನಿ. ವಿವೇಕನಗರದ ಬಾಲ ಯೇಸು ಹತ್ರ ಗುರುವಾರ ಹೋಗಿ ಬರೋ ಅಭ್ಯಾಸ ನಮ್ಮನೇಲಿ ಅಜ್ಜಿ ಕಾಲದಿಂದ ಇದೆ. ನೀವು ಹೇಳ್ತಿರೋ ಕತೆ ನಮ್ಮ ಭಜನೆ ಮಂದಿರದ್ದೂ ಹೌದು. ಮೊದಲು ಒಬ್ಬರು ಹೇಳಿಕೊಡೋರು, ಮಿಕ್ಕವರು ತಿರುಗಿ ಹಾಡೋರು, ತಾಳ ಎಲ್ಲರ ಕೈಯಲ್ಲೂ ಇರ್ತಿತ್ತು. ಎಕೋ ಇಟ್ಟ ಮೈಕ್ ಬಂದಿದ್ದೇ ಬಂದಿದ್ದು, ಒಬ್ಬರು ಹಾಡ್ತಾರೆ, ಮಿಕ್ಕವರು ಮೊಬೈಲಲ್ಲಿ ವಿಡಿಯೋ ಹಿಡೀತಾರೆ.

ಸಿಸ್ಟರ್‌ಗೆ_ಹೆದರುವವಳು
ನಾನು ಧರ್ಮೋಪದೇಶ ತರಗತಿ ತಗೋತೀನಿ, ನಾಲ್ಕನೇ ಕ್ಲಾಸು. ಪೂಜೆ ಆದ್ಮೇಲೆ ಮುಕ್ಕಾಲು ಗಂಟೆ. ಹೋದ ವರ್ಷ ಮಕ್ಕಳಿಗೆ ಹಳೇ ಹಾಡು ಎರಡು ಕಲಿಸಿದೆ, ಮೈಕ್ ಇಲ್ಲ, ವಾದ್ಯ ಇಲ್ಲ, ಬೆಂಚು ಬಡಿದು ತಾಳ. ಆ ಮಕ್ಕಳು ಪೂಜೇಲಿ ಅದೇ ಹಾಡು ಬಂದಾಗ ಕಿರುಚಿದ್ದು ನೋಡ್ಬೇಕಿತ್ತು. ಸಿಸ್ಟರ್ ನನ್ನ ಕರೆದು "ನೀವು ಹಾಡು ಕಲಿಸಿದ್ರಾ, ಯುದ್ಧ ಕಲಿಸಿದ್ರಾ" ಅಂದ್ರು.

ಅಜ್ಜಿ ಹಿಂದೆ ಈ ಮಕ್ಕಳನ್ನ ಕೂರಿಸಿ ಅಂತ ನಮ್ಮ ಸಲಹೆ. ಲೈವ್‌ನಲ್ಲಿ ಯಾರ ವಾಯ್ಸ್ ಬರುತ್ತೆ ಅಂತ ನೋಡೋಣ.

ದೇರಾ_ದುಬೈ
ಹೊಟ್ಟೆ ಉರಿಸ್ಬೇಡಿ. ನಮಗೆ ಇಲ್ಲಿ ಭಾನುವಾರ ಅನ್ನೋದೇ ಇರ್ಲಿಲ್ಲ. ವಾರದ ರಜೆ ಶುಕ್ರವಾರ, ಹಾಗಾಗಿ ಭಾನುವಾರದ ಪೂಜೆ ಶುಕ್ರವಾರ. ಮನೇಲಿ ಮಗಳು "ಸಂಡೇ ಮಾಸ್ ಫ್ರೈಡೇ" ಅಂತಾನೇ ಹೇಳ್ತಾ ಬೆಳೆದ್ಳು. 2022ರಲ್ಲಿ ಸರ್ಕಾರ ರಜೆ ಶನಿವಾರ ಭಾನುವಾರಕ್ಕೆ ಬದಲಾಯಿಸಿದ ಮೇಲೆ ಸರಿಹೋಯ್ತು. ಹೋಗೋದು ಇಂಗ್ಲಿಷ್ ಪೂಜೆಗೆ. ಕನ್ನಡ ಹಾಡು ಏನಿದ್ರೂ ಕಾರಲ್ಲಿ, ಗಾಜು ಏರಿಸ್ಕೊಂಡು. ಊರಿನ ಪೂಜೆ ಲೈವ್‌ನಲ್ಲಿ ನೋಡೋ ನಮ್ಮಂಥವರಿಗೆ ಆ ಅಜ್ಜಿಯ ದನಿ ಬರೋದೇ ಬೇಕಾಗಿರೋದು. ಕೀಬೋರ್ಡ್ ಸದ್ದು ಇಲ್ಲೂ ಸಿಗುತ್ತೆ.

ಕಡೇಬೆಂಚು
ಇದನ್ನ ಅಮ್ಮನಿಗೆ ಓದಿ ಹೇಳ್ದೆ. ಮೊದಲ ಸಲ ನಕ್ಕರು. "ದುಬೈವರೆಗೂ ಹೋಯ್ತಾ" ಅಂದ್ರು.

ಮಂಡೆಬಿಸಿ_ಮಂಗ್ಳೂರು
ಲೈವ್ ಬಗ್ಗೆ ಒಂದು ಅನುಮಾನ. ಕೊರೊನಾ ಸಮಯದಲ್ಲಿ ಟಿವಿಯಲ್ಲಿ ಪೂಜೆ ನೋಡಿದರೆ ಸಾಕು ಎಂದಿದ್ದರಲ್ಲ, ನನ್ನ ತಮ್ಮ ಈಗಲೂ ಅದನ್ನೇ ಹಿಡಿದುಕೊಂಡಿದ್ದಾನೆ. ಸೋಫಾದಲ್ಲಿ ಕುಳಿತು, ಕೈಯಲ್ಲಿ ಚಾ, ಎದುರಲ್ಲಿ ನೀರ್‌ದೋಸೆ.

ದಾಖಲೆದಾಸ
ಆಗ ಕೊಟ್ಟಿದ್ದು ವಿನಾಯಿತಿ. ಈಗ ಅದಿಲ್ಲ. ಕಾಯಿಲೆಯವರು, ಅವರನ್ನ ನೋಡ್ಕೊಳ್ಳೋರು, ಬರೋಕೆ ನಿಜವಾಗಿ ಆಗದವರು ಬಿಟ್ಟು ಉಳಿದವರು ಬರಬೇಕು. ಶನಿವಾರ ಸಂಜೆ ಪೂಜೆಗೆ ಹೋದ್ರೂ ಭಾನುವಾರದ ಲೆಕ್ಕಕ್ಕೆ ಬರುತ್ತೆ. ನಿಮ್ಮ ತಮ್ಮ ದೋಸೆ ತಿಂದೇ ಹೋಗಲಿ, ಪರಮಪ್ರಸಾದಕ್ಕೆ ಒಂದು ಗಂಟೆ ಮುಂಚೆ ತಟ್ಟೆ ಬಿಟ್ಟರಾಯ್ತು.

ಹಾರ್ಮೋನಿಯಂ_ಮೇಷ್ಟ್ರು
ಒಂದೇ ಗಂಟೆನಾ? ನಮ್ಮಪ್ಪ ನಡುರಾತ್ರಿಯಿಂದ ನೀರು ಮುಟ್ತಿರಲಿಲ್ಲ.

ದಾಖಲೆದಾಸ
ನಿಮ್ಮಪ್ಪನ ಕಾಲದ ನಿಯಮ ಅದು ಮೇಷ್ಟ್ರೇ. 1953ರಲ್ಲಿ ನೀರಿಗೆ ಅಡ್ಡಿ ಇಲ್ಲ ಅಂತಾಯ್ತು, 1957ರಲ್ಲಿ ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಆರನೇ ಪೌಲರು ಒಂದು ಗಂಟೆಗೆ ತಂದ್ರು. ನೀರು, ಔಷಧಿ ಲೆಕ್ಕಕ್ಕಿಲ್ಲ. ವಯಸ್ಸಾದವರಿಗೆ ಆ ಒಂದು ಗಂಟೆಯೂ ಕಡ್ಡಾಯ ಅಲ್ಲ. ಕಡೇಬೆಂಚು ಅವರೇ, ಆರೂವರೆ ಪೂಜೇಲಿ ಪರಮಪ್ರಸಾದ ಏಳೂಕಾಲಿಗೆ ಅಂತಿಟ್ಕೊಳ್ಳಿ. ಐದೂಮುಕ್ಕಾಲಿಗೆ ಅಮ್ಮನಿಗೆ ಬಿಸಿ ಕಾಫಿ ಕೊಡಿ, ಗಂಟಲು ಬಿಟ್ಕೊಳ್ಳುತ್ತೆ.

ಕಡೇಬೆಂಚು
ಹೇಳಿ ನೋಡ್ದೆ. "ಪೋಪಪ್ಪನೇ ಬಂದು ಕಾಯಿಸಿ ಕೊಟ್ರೂ ಪೂಜೆಗೆ ಮುಂಚೆ ಕುಡಿಯಲ್ಲ" ಅಂದ್ರು.

ಹುಬ್ಳಿ_ಹುಡ್ಗ
ಅಜ್ಜಿ ಫ್ಯಾನ್ ಆದೆ ನಾನು.

ಗಂಜಾಂ_ಅಂಜೂರ
ಅಮ್ಮನಿಗೆ ಹಳೇ ಲ್ಯಾಟಿನ್ ಪೂಜೆ ನೆನಪಿದ್ಯಾ? ನಮ್ಮಜ್ಜಿ ಕಿರಿಯೆ ಎಲೆಯಿಸೋನ್ ಅಂತ ಲ್ಯಾಟಿನ್ನಲ್ಲೇ ರಾಗವಾಗಿ ಹೇಳೋರು, ಅರ್ಥ ಕೇಳಿದ್ರೆ ಸ್ವಾಮ್ಯೋರಿಗೆ ಗೊತ್ತು ಅನ್ನೋರು.

ದಾಖಲೆದಾಸ
ಕಿರಿಯೆ ಎಲೆಯಿಸೋನ್ ಗ್ರೀಕು.

ಗಂಜಾಂ_ಅಂಜೂರ
ನಿಮ್ಮ ಜೊತೆ ಪೂಜೆಗೆ ಹೋಗೋರ ಕಷ್ಟ ದೇವರಿಗೇ ಗೊತ್ತು.

ಕಡೇಬೆಂಚು
ನೆನಪಿದೆ. ಫಾದರ್ ಬೆನ್ನು ತೋರಿಸಿ ನಿಂತು ಪೂಜೆ ಮಾಡ್ತಿದ್ದದ್ದು, ಹೆಂಗಸರು ಅಷ್ಟು ಹೊತ್ತೂ ಜಪಸರ ಹಿಡಿದು ತಮ್ಮ ಪಾಡಿಗೆ ಪ್ರಾರ್ಥನೆ ಮಾಡ್ಕೊಳ್ತಿದ್ದದ್ದು ಎಲ್ಲಾ ಹೇಳ್ತಾರೆ. "ಎತ್ ಕುಮ್ ಸ್ಪಿರಿತು ತುವೊ" ಅಂತ ಉತ್ತರಾನೂ ಹೇಳ್ತಾರೆ, ಪೀಠಬಾಲಕನಾಗಿದ್ದ ಅಣ್ಣನಿಂದ ಕಲಿತದ್ದು. ಕನ್ನಡದಲ್ಲಿ ಪೂಜೆ ಶುರುವಾದಾಗ ಅವರಿಗೆ ಹದಿನಾಲ್ಕೋ ಹದಿನೈದೋ. "ಅವತ್ತು ಬಾಯಿ ಬಿಟ್ಟಿದ್ದು, ಆಮೇಲೆ ಮುಚ್ಚಿಲ್ಲ" ಅಂತ ಅವರೇ ಹೇಳ್ತಿದ್ರು ಮುಂಚೆ. ಅದಕ್ಕೇ ನನಗೆ ಹೋದ ಭಾನುವಾರದ್ದು ಚುಚ್ಚಿದ್ದು.

ತಪಸ್ಸುಕಾಲ_ತರಕಾರಿ
ನಮ್ಮ ಧರ್ಮಕೇಂದ್ರದಲ್ಲಿ ಜನ ಹಾಡೋದು ಎರಡೇ ಕಡೆ. ತಪಸ್ಸುಕಾಲದ (ಈಸ್ಟರ್ ಮುಂಚಿನ ನಲವತ್ತು ದಿನ) ಶುಕ್ರವಾರದ ಶಿಲುಬೆಹಾದಿ, ಅಂದ್ರೆ ಯೇಸು ಶಿಲುಬೆ ಹೊತ್ತು ನಡೆದದ್ದನ್ನ ನೆನೆಯೋ ಪ್ರಾರ್ಥನೆ, ಮತ್ತೆ ಸಾವಿನ ಮನೆ. ಶಿಲುಬೆಹಾದೀಲಿ ಹದಿನಾಲ್ಕು ಸ್ಥಳಕ್ಕೂ ನಡೀಬೇಕು, ಕೀಬೋರ್ಡ್ ಹೊತ್ಕೊಂಡು ಹೋಗೋಕಾಗಲ್ಲ.

ಸಾವಿನ ಮನೆ ಹೇಳ್ತೀನಿ. ನಮ್ಮ ಚಿಕ್ಕಪ್ಪ ಹೋದಾಗ ರಾತ್ರಿ ಹನ್ನೊಂದಕ್ಕೆ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂತ್ವಿ. ಜಪಸರ ಮುಗೀತು. ಯಾರೋ ಒಬ್ಬರು ಮೂಲೇಲಿ ಒಂದು ಹಾಡು ಎತ್ತಿದ್ರು, ತೀರಾ ಕೆಳಗಿನ ಶ್ರುತೀಲಿ. ಒಬ್ಬೊಬ್ಬರಾಗಿ ಸೇರ್ಕೊಂಡ್ರು. ಮುಗಿದ ಹಾಗೇ ಇನ್ಯಾರೋ ಇನ್ನೊಂದು ಎತ್ತೋರು. ಬೆಳಗಿನ ಜಾವದವರೆಗೂ ಹಾಗೇ ನಡೀತು, ಪುಸ್ತಕ ತೆಗೆದವರಿಲ್ಲ. ಎಂದೂ ಹಾಡದ ನಮ್ಮ ದೊಡ್ಡಪ್ಪ ಮೂರನೇ ಚರಣ ಕೂಡ ಬಾಯಿಪಾಠ ಹೇಳಿದ್ರು. ಜನಕ್ಕೆ ಹಾಡು ಬರಲ್ಲ ಅಂತ ಯಾರೂ ಹೇಳ್ಬೇಡಿ.

ಕೀಲಿಮಣೆ_ಹುಡುಗ
ಇದು ಒಪ್ಪೋ ಮಾತು. ತಪಸ್ಸುಕಾಲದಲ್ಲಿ ವಾದ್ಯ ಹಾಡಿಗೆ ಆಸರೆಗೆ ಮಾತ್ರ ಅಂತ ನಿಯಮ ಇದೆ, ನಾವೂ ಬರೀ ಸ್ವರ ಹಿಡಿದು ಸುಮ್ಮನಿರ್ತೀವಿ. ಆಗ ಜನರ ದನಿ ಕೇಳುತ್ತೆ, ನಿಜ. ಈಸ್ಟರ್ ಬಂದ ತಕ್ಷಣ ನಮ್ಮ ಡ್ರಮ್ಸ್ ಹುಡುಗನ್ನ ಹಿಡಿಯೋಕಾಗಲ್ಲ. ನಲವತ್ತು ದಿನದ ಹಸಿವು.

ಸೌಂಡ್_ಸಿಸ್ಟಂ_ಸ್ಟ್ಯಾನಿ
ಸಮಸ್ಯೆ ಬರೀ ಎರಡು ಅಡಿಯದ್ದು. ಗಾಯನವೃಂದದ ಮೈಕ್ ಅಜ್ಜಿ ಬೆಂಚಿನ ಕಡೆ ಮುಖ ಮಾಡಿದೆ. ಅದನ್ನ ತಿರುಗಿಸಿ. ಅಜ್ಜಿನ ಅಲ್ಲ.

ಎಂಟುಗಂಟೆಪೂಜೆ
ಮೊದಲು ಬೆಂಗಳೂರಲ್ಲಿ ಕನ್ನಡಕ್ಕೆ ಸರಿಯಾದ ಹೊತ್ತು ಕೊಡಿಸಿ. ಯಾವಾಗ ನೋಡಿದ್ರೂ ನಮಗೆ ನಸುಕಿನ ಪೂಜೆ, ಅವರಿಗೆ ಮಾತ್ರ

ನಿರ್ವಾಹಕ
ಮೇಲಿನ ಉತ್ತರದ ಉಳಿದ ಭಾಗ ತೆಗೆದಿದ್ದೇನೆ. ಪೂಜೆ ಭಾಷೆಯ ಜಗಳ ಇಲ್ಲಿ ಶುರುವಾದ್ರೆ ಯಾವಾಗ ಮುಗಿಯುತ್ತೆ ಅಂತ ಎಲ್ಲರಿಗೂ ಗೊತ್ತು. ಹಾಡಿಗೆ ವಾಪಸ್ ಬನ್ನಿ.

ಮಂಡೆಬಿಸಿ_ಮಂಗ್ಳೂರು
ಹಾಡು ಬಿಡಿ, ಊಟ ಹೇಳುತ್ತೇನೆ. ಸೆಪ್ಟೆಂಬರ್ 8 ಹತ್ತಿರ ಬಂತು. ನಮ್ಮಲ್ಲಿ ಮೊಂತಿ ಫೆಸ್ತ್, ಮರಿಯಮ್ಮನ ಹುಟ್ಟುಹಬ್ಬ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮರಿಯಮ್ಮನಿಗೆ ಹಾಕುವುದು, ಹಬ್ಬದ ದಿನ ಹೊಸ ತೆನೆ ಆಶೀರ್ವಾದ. ವಾರ್ಡಿನ ಗುರ್ಕಾರ್ (ಮುಖಂಡ) ತೆನೆ ಹಂಚುವಾಗ ಎಲ್ಲರಿಗೂ ತಮ್ಮ ಮನೆಗೆ ಉದ್ದದ್ದು ಬೇಕು. ಅದನ್ನು ಮನೆಗೆ ತಂದು, ಭತ್ತ ಸುಲಿದು ಹಾಲಿಗೆ ಹಾಕಿ ಎಲ್ಲರೂ ಕುಡಿದ ಮೇಲೆ ಬಾಳೆಲೆ ಊಟ. ಅವತ್ತು ಮೀನಿಲ್ಲ, ಮಾಂಸ ಇಲ್ಲ. ಕೆಸುವಿನ ದಂಟು, ಬೆಂಡೆ, ಹರಿವೆ, ಪಲ್ಯಗಳ ಸಂಖ್ಯೆ ಬೆಸ ಇರಬೇಕು. ಹೂ ಹಾಕುವಾಗ ಮಕ್ಕಳು ಹಾಡುವ ಹಾಡಿಗೆ ಯಾವ ಗಾಯನವೃಂದವೂ ಬೇಡ.

ಗಂಜಾಂ_ಅಂಜೂರ
ಅದೇ ದಿನ ಬೆಂಗಳೂರಿನ ಶಿವಾಜಿನಗರದಲ್ಲಿ ಮರಿಯಮ್ಮನ ತೇರು. ಆಗಸ್ಟ್ 29ಕ್ಕೆ ಬಾವುಟ ಏರಿದ್ರೆ ಒಂಬತ್ತು ದಿನ ಕಾವಿ ಸೀರೆ ಉಟ್ಟ ಹೆಂಗಸರದ್ದೇ ರಸ್ತೆ. ನಿಮ್ಮಲ್ಲಿ ಪಲ್ಯ ಎಣಿಸ್ತೀರಿ, ಇಲ್ಲಿ ಚಪ್ಪಲಿ ಹುಡುಕ್ತೀವಿ.

ಹುಬ್ಳಿ_ಹುಡ್ಗ
ಕಡೇಬೆಂಚು ಅಣ್ಣಾ, ಇವತ್ತ ಭಾನುವಾರ. ಏನಾತು ಹೇಳ್ರಿ.

ಕಡೇಬೆಂಚು
ಹೇಳ್ತೀನಿ, ಈಗ ತಾನೆ ಬಂದ್ವಿ.

ನಿನ್ನೆ ಸಂಜೆ ನಾನೇ ಅಭ್ಯಾಸದ ಹೊತ್ತಿಗೆ ಹೋಗಿದ್ದೆ. ಜಗಳಕ್ಕೆ ಹೋಗ್ಲಿಲ್ಲ. ಮೇಷ್ಟ್ರು ಹೇಳಿದ ಬಿಳಿ ಒಂದು, ಬಿಳಿ ಮೂರು ವಿಷಯ ಹೇಳ್ದೆ. ನುಡಿಸೋ ಹುಡುಗ "ನಮಗೂ ಗಂಟಲು ಹರಿದುಹೋಗ್ತಿದೆ ಅಂಕಲ್" ಅಂದ. ಆ ಹುಡುಗಿ ಅಳು ಮುಖ ಮಾಡ್ಕೊಂಡು, ಲೈವ್ ನೋಡಿದ ಯಾರೋ ಕಾಮೆಂಟ್ ಹಾಕಿದ್ರು, ಅದಕ್ಕೇ ಹೇಳ್ದೆ ಅಂದ್ಳು. ಮೈಕೂ ತಿರುಗಿಸಿದ್ವಿ, ಸ್ಟ್ಯಾನಿ ಹೇಳಿದ ಹಾಗೆ.

ಇವತ್ತು ಪ್ರವೇಶ ಗೀತೆ, ಪರಮಪ್ರಸಾದ ಗೀತೆ ಎರಡನ್ನೂ ಬಿಳಿ ಒಂದಕ್ಕೆ ಇಳಿಸಿದ್ರು. ನನ್ನ ಪಕ್ಕದಲ್ಲಿ ಯಾವಾಗ್ಲೂ ಕಂಬಕ್ಕೆ ಒರಗಿ ನಿಲ್ಲೋ ಆಟೋ ಅಣ್ಣ ಒಬ್ಬರಿದ್ದಾರೆ, ಅವರ ದನಿ ಹೆಂಗಿದೆ ಅಂತ ಹತ್ತು ವರ್ಷದಲ್ಲಿ ಇವತ್ತು ಗೊತ್ತಾಯ್ತು. ಗಡಸು, ಶ್ರುತಿ ಇಲ್ಲ, ಆದ್ರೆ ಪೂರ್ತಿ ಹಾಡಿದ್ರು.

ಅಮ್ಮ ಪುಸ್ತಕ ತೆಗೆದ್ರು. ಹಾಡಿದ್ರು. ಆ ಹುಡುಗಿ ಪೂಜೆ ಆದ್ಮೇಲೆ ಬಂದು ಕೈ ಹಿಡ್ಕೊಂಡ್ಳು, ಅಮ್ಮ ಅವಳ ಗಲ್ಲ ಸವರಿ ಯಾರ ಮಗಳು, ಯಾವ ಬೀದಿ ಎಲ್ಲಾ ವಿಚಾರಿಸಿದ್ರು.

ಮಟನ್ ಅಂಗಡಿ ಸಾಲಲ್ಲಿ ನಿಂತಾಗ "ಹೆಂಗಿತ್ತಮ್ಮ ಇವತ್ತು" ಅಂತ ಕೇಳ್ದೆ. "ಎಲ್ಲಾ ಸರಿ, ಹಾಡು ಯಾಕೋ ಸಪ್ಪೆ. ಎದೆಯಿಂದ ಎತ್ತೋಕೇ ಆಗ್ಲಿಲ್ಲ. ಇನ್ನೊಂಚೂರು ಮೇಲಕ್ಕೆ ಹಾಡೋಕೆ ಹೇಳು ಆ ಮಕ್ಳಿಗೆ" ಅಂದ್ರು.

ಕೀಲಿಮಣೆ_ಹುಡುಗ
😂😂 ಮೇಷ್ಟ್ರೇ, ಈಗ ಏನಂತೀರಿ?

ಹಾರ್ಮೋನಿಯಂ_ಮೇಷ್ಟ್ರು
ಬಿಳಿ ಎರಡು ಅಂತ ನಾನು ಅವತ್ತೇ ಹೇಳಿದ್ದೆ.

ಸಿಸ್ಟರ್‌ಗೆ_ಹೆದರುವವಳು
ಅಮ್ಮನ ಪುಸ್ತಕದ ಹಿಂದಿನ ಪುಟಗಳ ಫೋಟೋ ಹಾಕ್ತೀರಾ? ಮಕ್ಕಳಿಗೆ ಕಲಿಸೋಕೆ ಹಾಡು ಬೇಕು. ಕೋಳಿ ಕಾಲಾದ್ರೂ ಪರವಾಗಿಲ್ಲ, ಓದ್ಕೋತೀನಿ.